ಎರಡು ಮೀಟರಿನ ಮನೆ

11 ಅಕ್ಟೋಬರ್ 2025, ಶನಿವಾರ

ದಸರಾ ರಜೆಯನ್ನು 18ರವರೆಗೆ ಎಳೆದಿದ್ದಾರೆ. ಮಕ್ಕಳಿಗೆ ರಜೆ, ನಮಗೆ ಸಮೀಕ್ಷೆ. 60 ಪ್ರಶ್ನೆ, ನಡುವೆ ನಿಂತುಹೋಗುವ ಆ್ಯಪ್, ಬಾರದ ಓಟಿಪಿ. ಶಿಡ್ಲಘಟ್ಟದಲ್ಲಿ ಇಷ್ಟು ವರ್ಷ ಪಾಠ ಮಾಡಿದ್ದರೂ ಹಳೇ ಪೇಟೆಯ ಈ ಗಲ್ಲಿಗಳಿಗೆ ಕಾಲಿಟ್ಟಿರಲಿಲ್ಲ.

ಇವತ್ತು ಒಂದು ಮನೆಗೆ ಬೀಗ. ಜಗಲಿ, ಜಗಲಿಗೆ ಎರಡು ಕಲ್ಲುಕಂಬ, ಮರದ ಸರಳಿನ ಕಿಟಕಿ. ತಲೆಬಾಗಿಲು ಒಂದೇ, ಅದರ ಪಕ್ಕದಲ್ಲಿ ಸಮೀಕ್ಷೆಯ ಸ್ಟಿಕ್ಕರ್ ಎರಡು. ಸ್ಟಿಕ್ಕರ್ ಅಂಟಿಸಿದವರು ಮೀಟರ್ ರೀಡರ್‌ಗಳು, ಅವರಿಗೆ ಬೇಕಾದದ್ದು ಆರ್‌ಆರ್ ನಂಬರು. ಮೀಟರ್ ಎರಡಿದ್ದರೆ ಮನೆಯೂ ಎರಡು. ಒಳಗೆಲ್ಲೋ ನಡುವೆ ಗೋಡೆ ಎದ್ದಿರಬೇಕು ಅಂದುಕೊಂಡೆ.

ಪಕ್ಕದ ಮನೆಯ ಚಾಚಾ ಇನ್ನೂ ರೇಷ್ಮೆ ನೂಲು ಬಿಚ್ಚಿಸುತ್ತಾರೆ, ಹಿತ್ತಲಿನಿಂದ ಬೇಯುವ ಗೂಡಿನ ಹಬೆ ಬರುತ್ತಿತ್ತು. ‘ಯಾರೂ ಇಲ್ಲ ಮೇಡಂ. ಅಣ್ಣ ತಮ್ಮ ಇಬ್ಬರೂ ಬೆಂಗಳೂರು. ಮಾರ್ತಾರಂತೆ. ಬೀಗದಕೈ ನನ್ನ ಹತ್ರಾನೇ ಇದೆ, ನೋಡ್ತೀರಾ?’ ಅಂದರು. ಆ್ಯಪಿನಲ್ಲಿ ‘ಬೀಗ ಹಾಕಿದೆ’ ಎಂದು ಒತ್ತಿ, ಸಂಜೆ ಕೆಲಸ ಮುಗಿದ ಮೇಲೆ ಹೋಗಿ ನೋಡಿದೆ.

26 ಅಡಿ ಅಗಲ, 68 ಅಡಿ ಉದ್ದ. ಮುಂದಿನ ಅರ್ಧಕ್ಕೆ ಮದ್ರಾಸ್ ತಾರಸಿ, ತೊಲೆ ಜಂತೆ ಎಲ್ಲ ಮರದ್ದು. ಹಿಂದಿನ ಅರ್ಧ ಮಂಗಳೂರು ಹೆಂಚಿನ ಉದ್ದನೆಯ ಹಾಲು, ಅದು ಒಂದು ಕಾಲದಲ್ಲಿ ಫಿಲೇಚರ್. ನಡುವೆ ಸಿಮೆಂಟ್ ಇಟ್ಟಿಗೆಯ ಗೋಡೆ, ಗಿಲಾವೂ ಆಗಿಲ್ಲ. 42 ಲಕ್ಷ ಹೇಳುತ್ತಿದ್ದಾರಂತೆ.

ಇವರಿಗೆ ಇನ್ನೂ ಹೇಳಿಲ್ಲ.

12 ಅಕ್ಟೋಬರ್

ಹೇಳಿದೆ. ‘ಬಾಡಿಗೆ ಮನೆ ಸೋರಿದರೆ ಓನರ್‌ಗೆ ಫೋನ್ ಮಾಡ್ತೀವಿ. ಅದು ಸೋರಿದರೆ ಯಾರಿಗೆ ಮಾಡೋದು?’ ಅಂದರು. ಇವರ ಮನಸ್ಸೆಲ್ಲ ಚಿಕ್ಕಬಳ್ಳಾಪುರದ ಹೊರಗಿನ ಬಡಾವಣೆಯ ಮೂವತ್ತು ನಲವತ್ತು ಸೈಟಿನ ಮೇಲೆ. ಜುಲೈ 2ರಂದು ನಂದಿಬೆಟ್ಟದಲ್ಲಿ ಸಚಿವ ಸಂಪುಟ ಸಭೆ ನಡೆದಾಗಿನಿಂದ ಅಲ್ಲಿಯ ಬ್ರೋಕರ್‌ಗಳ ಬಾಯಲ್ಲಿ ಏರ್‌ಪೋರ್ಟ್ ಬಿಟ್ಟು ಬೇರೆ ಮಾತಿಲ್ಲ. ಅತ್ತೆಯದು ಬೇರೆಯೇ ಪ್ರಶ್ನೆ: ‘ಬಾಗಿಲು ಯಾವ ದಿಕ್ಕು?’ ಪೂರ್ವ ಎಂದೆ. ಅವರ ಪಾಲಿಗೆ ಅರ್ಧ ತಕರಾರು ಅಲ್ಲಿಗೇ ಮುಗಿಯಿತು.

19 ಅಕ್ಟೋಬರ್, ಭಾನುವಾರ

ಮೇಸ್ತ್ರಿಯನ್ನು ಕರೆದುಕೊಂಡು ಹೋಗಿದ್ದೆ. ಚಿಂತಾಮಣಿ ಕಡೆಯವರು, ಅಪ್ಪನ ಕಾಲದಿಂದ ಪರಿಚಯ. ಗಾರೆ ಕೆಲಸ ತಿಳಿದವರು ಈಗ ಬೆರಳೆಣಿಕೆ, ಅವರಲ್ಲಿ ಒಬ್ಬರು. ಟೇಪು ತೆಗೆಯುತ್ತಾರೆ ಅಂದುಕೊಂಡರೆ ಚಪ್ಪಲಿ ಬಿಚ್ಚಿಟ್ಟು ಬರಿಗಾಲಲ್ಲಿ ಇಡೀ ಮನೆ ಓಡಾಡಿದರು. ಎಲ್ಲಿ ನೆಲ ತಣ್ಣಗಿದೆಯೋ ಅಲ್ಲಿ ನಿಂತು ಪಕ್ಕದ ಗೋಡೆಗೆ ಬೆರಳ ಗೆಣ್ಣಿನಿಂದ ಬಡಿಯುವುದು. ಎರಡು ಕಡೆ ಗಟ್ಟಿ ಸದ್ದು, ಮೂರನೆಯ ಕಡೆ ಡೊಳ್ಳು.

ಗೋಡೆ ಸುಟ್ಟ ಇಟ್ಟಿಗೆಯದು, ಮಣ್ಣಿನಲ್ಲಿ ಕಟ್ಟಿದ್ದು, ಮೇಲೆ ಸುಣ್ಣದ ಗಾರೆ. ಈಚೆಗೆ ಯಾರೋ ಕಿಟಕಿಯ ಎತ್ತರದವರೆಗೆ ಸಿಮೆಂಟ್ ಮೆತ್ತಿಸಿದ್ದಾರೆ. ಮಾಡಿದ್ದು ತೇವ ತಡೆಯೋಣ ಎಂದು. ‘ನೆಲದ ತೇವ ಗೋಡೆ ಹತ್ತೇ ಹತ್ತುತ್ತೆ. ಗಾರೆ ಇದ್ದಾಗ ಅಲ್ಲಲ್ಲೇ ಆರ್ತಿತ್ತು. ಸಿಮೆಂಟು ದಾರಿ ಮುಚ್ಚಿದೆ. ಅದಕ್ಕೇ ಇನ್ನೂ ಮೇಲೇರಿದೆ’ ಎಂದು ಉಗುರಿನಿಂದ ಕೆರೆದರು. ಬಿಳಿ ಉಪ್ಪು ಪುಡಿಪುಡಿಯಾಗಿ ಉದುರಿತು. ಸಿಮೆಂಟು ಎಲ್ಲಿ ನಿಂತಿದೆಯೋ ಅದರ ಒಂದು ಗೇಣು ಮೇಲೆ, ಅಳತೆ ಹಿಡಿದ ಹಾಗೆ, ಕಲೆಯ ಗೆರೆ.

ಆಮೇಲೆ ಏಣಿ. ತೊಲೆ ನಡುವೆ ಹೇಗಿದ್ದರೂ ಇರಲಿ, ಅದರ ತಲೆ ಗೋಡೆಯೊಳಗೆ ಕೂತ ಜಾಗ ನೋಡಬೇಕಂತೆ. ಸ್ಕ್ರೂಡ್ರೈವರ್ ತೆಗೆದು ಒಂದೊಂದೇ ತೊಲೆಗೆ ಚುಚ್ಚುತ್ತ ಬಂದರು. ಒಂದು ಬಿಟ್ಟು ಮಿಕ್ಕವೆಲ್ಲ ಕಬ್ಬಿಣ. ಆ ಒಂದರಲ್ಲಿ ಹಿಡಿಯವರೆಗೂ ಇಳಿಯಿತು, ಬೆಣ್ಣೆಗೆ ಇಳಿದ ಹಾಗೆ. ತಾರಸಿಗೆ ಹೋಗಿ ನೋಡಿದರೆ ಸರಿಯಾಗಿ ಅದರ ನೆತ್ತಿಯ ಮೇಲೆ ನೀರು ಹೋಗುವ ತೂತು, ಎಲೆ ಕಸ ಕಟ್ಟಿಕೊಂಡು ಮುಚ್ಚಿದೆ; ಪಕ್ಕದಲ್ಲೇ ಅರಳಿ ಸಸಿ. ಒಂದು ಹಿಡಿ ಕಸ ತೆಗೆಯದೆ ಇದ್ದುದಕ್ಕೆ ಒಂದು ತೊಲೆ ಹೋಗಿದೆ. ಗೆದ್ದಲು ಬಂದದ್ದು ಆಮೇಲೆ.

ಹಿಂದಿನ ಹಾಲಿನಲ್ಲಿ ಅವರು ಹೆಚ್ಚು ಮಾತಾಡಲಿಲ್ಲ. ಬಾಣಲೆಗಳು ಕೂತಿದ್ದ ಗುಂಡಿಗಳು ಹಾಗೇ ಇವೆ. ವರ್ಷಾನುಗಟ್ಟಲೆ ಬಿಸಿನೀರು, ಹಬೆ, ಹೊಗೆ. ಗೋಡೆಯ ಬುಡ ಮುಟ್ಟಿದರೆ ಮರಳು. ‘ಇದನ್ನ ಇಳಿಸಿಬಿಡಿ. ಹೆಂಚು ಎತ್ತಿಟ್ಕೊಳ್ಳಿ, ಮಾಲು ಚೆನ್ನಾಗಿದೆ.’ ಮುಂದಿನ ಅರ್ಧದ ಬಗ್ಗೆ ಕೇಳಿದೆ. ‘ಗೋಡಲು ಬಾಗುನ್ನಾಯಮ್ಮಾ, ನೀಳ್ಳು ಚೂಸ್ಕೋ.’ ಗೋಡೆಗಳು ಚೆನ್ನಾಗಿವೆಯಂತೆ, ನೀರು ನಾನು ನೋಡಿಕೊಳ್ಳಬೇಕು.

ನಡುಮನೆಯಲ್ಲಿ ಕಿಟಕಿಯ ಮೂಲೆಯಿಂದ ಸೂರಿನವರೆಗೆ ಒಂದು ಬಿರುಕಿದೆ. ಅದರ ಮೇಲೆ ಅಡ್ಡಲಾಗಿ ಸಿಮೆಂಟಿನ ಸಣ್ಣ ಬಿಲ್ಲೆ ಮೆತ್ತಿ ಮೊಳೆಯಿಂದ ಇವತ್ತಿನ ತಾರೀಕು ಗೀಚಿದ್ದಾರೆ. ಬಿಲ್ಲೆ ಸೀಳಿದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದು ಲೆಕ್ಕ.

22 ಅಕ್ಟೋಬರ್, ಬಲಿಪಾಡ್ಯಮಿ

ಬಂಗಾಳಕೊಲ್ಲಿಯ ಕೃಪೆ, ಮಳೆ. ಹಬ್ಬದ ಅಡಿಗೆ ಅರ್ಧಕ್ಕೆ ಬಿಟ್ಟು ಕೊಡೆ ಹಿಡಿದು ಹೊರಟೆ. ‘ಹುಚ್ಚು’ ಅಂದರು ಇವರು. ಆದರೂ ಸ್ಕೂಟರ್ ತೆಗೆದರು.

ತಾರಸಿ ಸೋರಿದ್ದು ಆ ಕೊಳೆತ ತೊಲೆಯ ಹತ್ತಿರ ಮಾತ್ರ. ನಿಜವಾದ ತಾಪತ್ರಯ ಬಾಗಿಲಲ್ಲೇ ಇತ್ತು. ಗಲ್ಲಿಯ ಕಾಂಕ್ರೀಟ್ ರಸ್ತೆಯನ್ನು ಹಳೆಯದರ ಮೇಲೆ ಹೊಸದು, ಹೊಸದರ ಮೇಲೆ ಇನ್ನೊಂದು ಎಂದು ಏರಿಸುತ್ತ ಬಂದು ಹೊಸ್ತಿಲು ಈಗ ರಸ್ತೆಗಿಂತ ಕೆಳಗಿದೆ. ನಾವು ನಿಂತಿದ್ದಂತೆಯೇ ಚರಂಡಿ ತುಂಬಿ ನೀರು ಜಗಲಿ ದಾಟಿ ಪಡಸಾಲೆಗೆ ಬಂತು. ಇವರು ನನ್ನ ಮುಖ ನೋಡಿದರು, ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳ ಮಾಡಬಹುದಿತ್ತು.

ಮೇಸ್ತ್ರಿಗೆ ಫೋನ್ ಮಾಡಿ ನೆಲ ಒಂದೂವರೆ ಅಡಿ ಏರಿಸಿದರೆ ಹೇಗೆ ಎಂದು ಕೇಳಿದೆ. ನೆಲ ಏರಿದರೆ ಬಾಗಿಲುಗಳೆಲ್ಲ ಕುಳ್ಳಾಗುತ್ತವೆ. ಬಾಗಿಲು ಏರಿಸಬೇಕಾದರೆ ಮೇಲಿನ ಗೋಡೆ ಒಡೆಯಬೇಕು, ಒಡೆದರೆ ಅದರ ಮೇಲೆ ಕೂತ ತೊಲೆ ಅಲುಗುತ್ತದೆ. ನೆಲಕ್ಕೆ ಕೈ ಹಾಕಿದರೆ ಸೂರಿನವರೆಗೂ ಹೋಗಬೇಕು. ಅದರ ಬದಲು ಜಗಲಿಯ ಮುಂದೆ ಕಲ್ಲಿನ ಕಟ್ಟೆ ಕಟ್ಟಿ, ಹತ್ತಿ ಇಳಿಯುವ ಹಾಗೆ ಮೆಟ್ಟಿಲು ಮಾಡಿ, ಒಳಗಡೆ ಒಂದು ಮೋರಿ ತೆಗೆದು ಹಿತ್ತಲಿಗೆ ನೀರು ಓಡಿಸಬಹುದು ಅಂದರು. ಹಿತ್ತಲು ತಗ್ಗಿದೆ. ಹಿಂದಿನ ಅರ್ಧವೂ ನಮ್ಮದಾದರೆ ಮಾತ್ರ ಇದು ಸಾಧ್ಯ. ಮುಂದಿನ ಭಾಗ ಒಂದನ್ನೇ ಕೊಂಡರೆ ನೀರಿಗೆ ದಾರಿಯಿಲ್ಲ.

26 ಅಕ್ಟೋಬರ್, ಭಾನುವಾರ

ಇಡೀ ಮಧ್ಯಾಹ್ನ ಲೆಕ್ಕ. ಸೈಟು 30 ಲಕ್ಷ. ಮನೆ ಕಟ್ಟಲು ಈಗ ಚದರಕ್ಕೆ 2 ಲಕ್ಷದ ಮೇಲೆ ಹೇಳುತ್ತಾರೆ, 12 ಚದರಕ್ಕೆ 26 ಹಿಡಿದೆವು. ಒಟ್ಟು 56, ಸೈಟಿನ ರಿಜಿಸ್ಟ್ರೇಷನ್ ಬೇರೆ. ಈ ಮನೆ 38ಕ್ಕೆ ಇಳಿದರೆ, ರಿಪೇರಿಗೆ 17, ಅಲ್ಲೂ 55, ನೋಂದಣಿ ಬೇರೆ. ಮುದ್ರಾಂಕ ಶುಲ್ಕ 5, ಅದರ ಮೇಲೆ ಸೆಸ್ಸು ಸರ್‌ಚಾರ್ಜು, ಆಗಸ್ಟ್ 31ರಿಂದ ನೋಂದಣಿ ಶುಲ್ಕ 1 ಇದ್ದದ್ದು 2 ಆಗಿ ನೂರಕ್ಕೆ 7.60 ಬೀಳುತ್ತದೆ. 38 ಲಕ್ಷಕ್ಕೆ 2,88,800. ಇದಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ, ಕೈಯಿಂದಲೇ ಹಾಕಬೇಕು. ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದದ್ದು ಸೈಟಿನ ಪರ ಎಂದು ಇವರ ವಾದ. ಸಿಮೆಂಟೇ ಬೇಡದ ಗೋಡೆ ನಮ್ಮದು ಎಂದು ನನ್ನದು.

ಎರಡೂ ಹತ್ತಿರ ಹತ್ತಿರ ಒಂದೇ. ದುಡ್ಡು ಒಂದು ಕಡೆಗೆ ವಾಲಿದ್ದರೆ ತಲೆನೋವಿರಲಿಲ್ಲ.

ಮಗನ ಪ್ರಶ್ನೆ: ‘ಅಲ್ಲಿ ದಿನಾ ಆ ವಾಸನೆ ಇರುತ್ತಾ?’ ಹುಳದ ವಾಸನೆ. ಇರುತ್ತದೆ. ಈ ಊರು ಉಣ್ಣುವುದೇ ಅದರಿಂದ ಎಂದು ಉಪದೇಶ ಮಾಡಬಹುದಿತ್ತು. ಗಾಳಿ ಪಡುವಣದಿಂದ ಬೀಸಿದಾಗ ಇರುತ್ತೆ, ಉಳಿದಂತೆ ಕಡಿಮೆ, ಎಂದೆ. ಅವನಿಗೆ ಸಮಾಧಾನವಾಗಲಿಲ್ಲ.

3 ನವೆಂಬರ್, ಸೋಮವಾರ

ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಇ.ಸಿ. (ಋಣಭಾರ ಪತ್ರ) ತೆಗೆಸಿದೆ. ಕಂಪ್ಯೂಟರಿನಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು, ಅದರಲ್ಲಿ ಏನೂ ಇಲ್ಲ. ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟು ಹುಡುಕಿಸಬೇಕು. ಅದರಲ್ಲೂ ಏನೂ ಸಿಗಲಾರದು, ಏಕೆಂದರೆ ಏನೂ ನೋಂದಣಿಯಾಗಿಲ್ಲ. ಖಾತೆ ಇನ್ನೂ 2011ರಲ್ಲಿ ತೀರಿಕೊಂಡ ತಂದೆಯ ಹೆಸರಲ್ಲಿದೆ. ಅಣ್ಣ ತಮ್ಮ 1998ರಲ್ಲಿ ಬಾಂಡ್ ಪೇಪರ್ ಮೇಲೆ ಪಾಲುಪಟ್ಟಿ ಬರೆದುಕೊಂಡು ನಡುವೆ ಗೋಡೆ ಎಬ್ಬಿಸಿ ಮೀಟರ್ ಬೇರೆ ಮಾಡಿಸಿದ್ದಾರೆ. ಬೆಸ್ಕಾಂ ಒಪ್ಪಿಕೊಂಡಿದೆ. ನಗರಸಭೆಗೆ ಮಾತ್ರ ಅದು ಇವತ್ತಿಗೂ ಒಂದೇ ಆಸ್ತಿ. ಇ-ಖಾತೆ ಇಲ್ಲದೆ ಕಳೆದ ವರ್ಷದಿಂದ ಯಾವ ಕ್ರಯಪತ್ರವೂ ಆಗುವುದಿಲ್ಲ, ಇ-ಖಾತೆ ಆಗಬೇಕಾದರೆ ವಂಶವೃಕ್ಷ ಬೇಕು.

ವಂಶವೃಕ್ಷದಲ್ಲಿ ಮೂರನೆಯ ಹೆಸರು ಇದೆ. ಅಕ್ಕ. ಗೌರಿಬಿದನೂರಿಗೆ ಕೊಟ್ಟಿದ್ದಾರೆ. ಫೋನಿನಲ್ಲಿ ದೊಡ್ಡವರು ಇದುವರೆಗೆ ಆಕೆಯ ಮಾತೇ ಎತ್ತಿರಲಿಲ್ಲ.

9 ನವೆಂಬರ್, ಭಾನುವಾರ. ಚಿಂತಾಮಣಿ

ವಕೀಲರನ್ನು ಅವರ ಮನೆಯಲ್ಲೇ ಕಂಡೆ. ಬಾಂಡ್ ಪೇಪರನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಿ ಪಕ್ಕಕ್ಕಿಟ್ಟರು. ಅಜ್ಜನಿಂದ ಬಂದ ಪಿತ್ರಾರ್ಜಿತ. ಹೆಣ್ಣುಮಕ್ಕಳಿಗೆ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತ್ತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ಈ ಅಕ್ಕನ ಮದುವೆ 1989ರಲ್ಲಿ, ಹಾಗಾಗಿ ತಮ್ಮಂದಿರು ನಿಶ್ಚಿಂತೆಯಿಂದ ಹಂಚಿಕೊಂಡರು. 2005ರ ಕೇಂದ್ರದ ತಿದ್ದುಪಡಿ ಆ ಗೆರೆ ಅಳಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಇಲ್ಲವೇ ಕೋರ್ಟಿನಿಂದಾದ ವಿಭಾಗ ಉಳಿಯುತ್ತದೆ. ಬಾಂಡ್ ಪೇಪರಿನದು ಉಳಿಯುವುದು ಕಷ್ಟ. 2020ರ ಆಗಸ್ಟ್ 11ರ ಸುಪ್ರೀಂ ಕೋರ್ಟ್ ತೀರ್ಪು, ವಿನೀತಾ ಶರ್ಮಾ ಕೇಸು, ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿದ್ದರೋ ಇಲ್ಲವೋ ಮುಖ್ಯವಲ್ಲ ಎಂದಿದೆ. ‘ಆಕೆ ಸಹಿ ಹಾಕದೆ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ ಮೇಡಂ.’

ಅಲ್ಲಿಂದ ತವರಿಗೆ ಹೋದೆ. ಅಣ್ಣ ಹಳೇ ಮನೆ ಕೆಡವಿ ಆರ್‌ಸಿಸಿ ಹಾಕಿಸಿ ಎಷ್ಟೋ ವರ್ಷವಾಯಿತು. ಆ ತಲೆಬಾಗಿಲನ್ನು ಬೆಂಗಳೂರಿನ ಹಳೇ ಮರದ ವ್ಯಾಪಾರಿ ಒಯ್ದ. ಯಾವುದೋ ಹೋಟೆಲಿನಲ್ಲಿ ಇರಬಹುದು. ‘ಹಳೇದಕ್ಕೆ ದುಡ್ಡು ಸುರೀಬೇಡ, ಕೆಡವಿ ಕಟ್ಟು’ ಅಂದ. ಅತ್ತಿಗೆ ಊಟಕ್ಕೆ ಬಡಿಸಿದರು. ಅವರೆಕಾಳು ಹುಳಿ, ಮುದ್ದೆ. ಅಕ್ಕನ ವಿಷಯ ಹೇಳಿದೆ. ‘ಅದೇನು ಮಹಾ, ಒಂದು ಸೀರೆ, ಒಂದಿಷ್ಟು ಕೈಗೆ ಕೊಟ್ಟು ಹಕ್ಕು ಬಿಡುಗಡೆ ಬರೆಸಿದರೆ ಆಯ್ತು’ ಎಂದ, ತುತ್ತು ನುಂಗುತ್ತ. 2009ರಲ್ಲಿ ಇದೇ ಮನೆಗೆ ನಾನೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದೇನೆ. ಸೀರೆಯ ಬಣ್ಣ ನೇರಳೆ. ಅವನಿಗೆ ಅದು ನೆನಪಿಗೆ ಬಂದಂತಿರಲಿಲ್ಲ. ನಾನೂ ನೆನಪಿಸಲಿಲ್ಲ. ಇನ್ನೊಂದು ಸೌಟು ಹುಳಿ ಹಾಕಿಸಿಕೊಂಡೆ.

16 ನವೆಂಬರ್, ಭಾನುವಾರ. ಗೌರಿಬಿದನೂರು

ಮಂಚೇನಹಳ್ಳಿ ದಾರಿಯಾಗಿ ಹೋದೆವು, ಇವರೂ ಬಂದರು. ದಾರಿಯುದ್ದಕ್ಕೂ ಇವರದು ಭೂಕಂಪದ ಮಾತು. 2021ರ ಡಿಸೆಂಬರಿನಲ್ಲಿ ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಪಾತ್ರೆ ಪಗಡೆ ಅಲುಗಾಡಿ ಜನ ಬೀದಿಗೆ ಬಂದಿದ್ದರಲ್ಲ, ಅದು. ಅದಕ್ಕೆ ಹಿಂದಿನ ತಿಂಗಳ ಮಳೆಯಲ್ಲಿ ಕೆರೆಗಳೆಲ್ಲ ಕೋಡಿ ಹೋಗಿ, ಜಿಲ್ಲೆಯಲ್ಲಿ ಎಷ್ಟೋ ಮಣ್ಣಿನ ಗೋಡೆಗಳು ಕುಸಿದಿದ್ದವು. ಆ ಎರಡನ್ನೂ ನಿಂತು ನೋಡಿದ ಮನೆ ಅದು ಎಂದೆ. ಗೌರಿಬಿದನೂರಿನಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪ ಮಾಪಕಗಳು 1965ರಿಂದ ಇವೆ, ಯಾವ ದೇಶ ಎಲ್ಲಿ ಅಣುಬಾಂಬ್ ಸಿಡಿಸಿದರೂ ಅವಕ್ಕೆ ತಿಳಿಯುತ್ತದೆ. ನಮ್ಮ ನಡುಮನೆಯ ಬಿರುಕಿಗೆ ಸಿಮೆಂಟಿನ ಬಿಲ್ಲೆಯೇ ಗತಿ.

‘ನಮ್ಮ ನಡುಮನೆ’ ಎಂದು ಬರೆದುಬಿಟ್ಟಿದ್ದೇನೆ. ಇರಲಿ.

ಅಕ್ಕನಿಗೆ ಅರವತ್ತರ ಹತ್ತಿರ. ಗಂಡ ಇಲ್ಲ. ಮಗಳ ಜೊತೆ ಇದ್ದಾರೆ. ಕಾಫಿ ಕೊಟ್ಟು ಎದುರಿಗೆ ಕೂತರು. ಹಳೇ ಮನೆಯ ನೆನಪು ತೆಗೆದು ಅಳುತ್ತಾರೇನೋ ಎಂದು ನಾನು ಹೆದರಿದ್ದೆ. ಅಂಥದ್ದೇನೂ ನಡೆಯಲಿಲ್ಲ. ‘ಎಷ್ಟಕ್ಕೆ ಮಾತಾಗಿದೆ?’ ಇನ್ನೂ ಆಗಿಲ್ಲ, 38 ಕೇಳುತ್ತಿದ್ದೇವೆ ಎಂದೆ. ‘ತಮ್ಮಂದಿರು ನನಗೆ ಎರಡು ಲಕ್ಷ ಅಂದಿದ್ದಾರೆ. ಮೂರರಲ್ಲಿ ಒಂದು ಪಾಲು ಅಂದ್ರೆ ಎಷ್ಟಾಗುತ್ತೆ ಟೀಚರಮ್ಮಾ?’ ಹನ್ನೆರಡೂವರೆಯ ಮೇಲೆ ಎಂದೆ. ‘ನನಗೂ ಅಷ್ಟೇ ಬಂತು’ ಅಂದರು, ಲೆಕ್ಕ ತಾಳೆಯಾದವರ ಹಾಗೆ.

ಆ ಹಾಲಿನಲ್ಲಿ ಮದುವೆಗೆ ಮುಂಚೆ ಏಳು ವರ್ಷ ಗೂಡು ಬೇಯಿಸಿದ್ದಾರೆ. ಬೆರಳ ತುದಿ ಬೆಂದು ಬೆಂದು ಸುಲಿದು, ಹತ್ತನೇ ತರಗತಿ ಪರೀಕ್ಷೆಯಲ್ಲಿ ಪೆನ್ನು ಹಿಡಿಯುವುದೇ ಕಷ್ಟವಾಗಿತ್ತಂತೆ. ‘ಕೂಲಿಯವರಿಗಾದ್ರೆ ವಾರಕ್ಕೊಮ್ಮೆ ಬಟವಾಡೆ ಇತ್ತು.’ ಇದನ್ನೂ ದೂರಿನ ದನಿಯಲ್ಲಿ ಹೇಳಲಿಲ್ಲ.

ಆಕೆ ಕೇಳುವುದು ನ್ಯಾಯ. ಅದರಿಂದ ಮನೆ ನನ್ನ ಕೈ ತಪ್ಪಿದರೂ ನ್ಯಾಯವೇ.

ಬರುವಾಗ ಇವರು ಸುಮ್ಮನೆ ಗಾಡಿ ಓಡಿಸುತ್ತಿದ್ದವರು ಮಂಚೇನಹಳ್ಳಿ ದಾಟಿದ ಮೇಲೆ, ‘ಸೈಟಿಗೆ ಇಷ್ಟೆಲ್ಲ ಇರ್ತಿರಲಿಲ್ಲ’ ಅಂದರು. ಆ ಬಡಾವಣೆ ಆಗುವ ಮುಂಚೆ ಯಾರ ಹೊಲ, ಆ ಹೊಲಕ್ಕೂ ಅಕ್ಕತಂಗಿಯರು ಇರಲಿಲ್ಲವೇ ಎಂದೆ. ಬ್ರೋಕರ್ ಕೊಟ್ಟ ಜೆರಾಕ್ಸ್ ಕಟ್ಟಿನಲ್ಲಿ ವಂಶವೃಕ್ಷ ಇದೆಯೋ ಇಲ್ಲವೋ ಇವರಿಗೂ ಗೊತ್ತಿಲ್ಲ.

30 ನವೆಂಬರ್

ಬಿಲ್ಲೆ ಸೀಳಿಲ್ಲ. ಬಿರುಕು ಹಳೆಯದೇ.

ಅಣ್ಣ ತಮ್ಮ ಫೋನಿನಲ್ಲಿ ಕೂಗಾಡಿದರು. ‘ನೀವು ಮನೆ ತಗೊಳ್ಳೋಕೆ ಬಂದ್ರೋ, ನಮ್ಮ ಮನೆ ಒಡೆಯೋಕೆ ಬಂದ್ರೋ?’ ನಾನು ಬರುವ ಮುಂಚೆಯೇ ನಡುವೆ ಗೋಡೆ ಇತ್ತು ಎಂದು ನಾಲಗೆ ತುದಿಗೆ ಬಂದದ್ದನ್ನು ನುಂಗಿದೆ. ಹೇಳಿದ್ದು ಇಷ್ಟೇ: ಹಕ್ಕು ಬಿಡುಗಡೆ ಪತ್ರ ಬೇಡ. ಕ್ರಯಪತ್ರದಲ್ಲಿ ಮೂವರೂ ಮಾರುವವರು, ಮೂವರ ಹೆಸರಿಗೂ ಬೇರೆ ಬೇರೆ ಡಿ.ಡಿ., ಮೂರರ ನಂಬರೂ ಪತ್ರದೊಳಗೆ ಬರಬೇಕು. ಯಾರಿಗೆ ಎಷ್ಟು ಎಂಬುದನ್ನು ಅವರವರೇ ಕೂತು ಬಗೆಹರಿಸಿಕೊಳ್ಳಲಿ.

5 ಡಿಸೆಂಬರ್, ಶುಕ್ರವಾರ

ರಿಸರ್ವ್ ಬ್ಯಾಂಕ್ ರೆಪೊ ದರವನ್ನು 5.25ಕ್ಕೆ ಇಳಿಸಿದೆ. ಇವರಿಗೆ ಬ್ಯಾಂಕಿನವರೇ ಫೋನ್ ಮಾಡಿದ್ದರಂತೆ. ಆದರೆ ಬ್ಯಾಂಕಿನ ಇಂಜಿನಿಯರ್ ಬಂದು ನೋಡಿ ಕಟ್ಟಡಕ್ಕೆ ಹೆಚ್ಚೇನೂ ಬೆಲೆ ಕಟ್ಟಲಿಲ್ಲ, ಜಾಗದ ಬೆಲೆಯೇ ಬೆಲೆ. ಆ ತೊಲೆ, ಕಲ್ಲುಕಂಬ, ಎರಡು ಗೇಣು ದಪ್ಪದ ಗೋಡೆ ಅವರ ಫಾರಮ್ಮಿನಲ್ಲಿ ಒಂದು ಸಾಲೂ ಆಗಲಿಲ್ಲ. ಸಾಲ ನಾವು ಅಂದುಕೊಂಡದ್ದಕ್ಕಿಂತ 4 ಲಕ್ಷ ಕಡಿಮೆ. ಹಿಂದಿನ ಹಾಲು ಇಳಿಸುವುದನ್ನು ಮುಂದಿನ ವರ್ಷಕ್ಕೆ ಹಾಕಿ, ಮೊದಲು ತಾರಸಿ, ಗೋಡೆ, ಮೋರಿ, ವೈರಿಂಗು ಎಂದು ತೀರ್ಮಾನಿಸಿದೆವು. ಮೊದಲು ಬಾತ್‌ರೂಮ್ ಎಂದು ಅತ್ತೆ. ಸರಿ, ಅದೂ.

14 ಡಿಸೆಂಬರ್, ಭಾನುವಾರ

ಒಪ್ಪಂದ ಆಯಿತು. 38 ಲಕ್ಷ. ಅಕ್ಕನಿಗೆ 9, ತಮ್ಮಂದಿರಿಗೆ ಹದಿನಾಲ್ಕೂವರೆ ಹದಿನಾಲ್ಕೂವರೆ. ಮೂರರಲ್ಲಿ ಒಂದು ಪಾಲಲ್ಲ ಅದು, ನನಗೆ ಸಿಟ್ಟು ಬಂತು. ಆಕೆ ನನ್ನ ಕೈ ಅದುಮಿ, ‘ಕೋರ್ಟಿಗೆ ಹೋದ್ರೆ ನನ್ನ ಮಗಳಿಗೆ ಬರುತ್ತೆ, ನನಗೆ ಬರಲ್ಲ’ ಅಂದರು. ಆಕೆಯ ಲೆಕ್ಕ ಆಕೆಗೆ ಗೊತ್ತು. ಮೂವರಿಗೂ ಸೇರಿ 3 ಲಕ್ಷ ಅಡ್ವಾನ್ಸು, ಒಬ್ಬೊಬ್ಬರಿಗೆ ಒಂದೊಂದು ಚೆಕ್ಕು. ಇ-ಖಾತೆ ಆದ ಮೇಲೆ ನೋಂದಣಿ, ಆರು ತಿಂಗಳ ಗಡುವು. ಅಷ್ಟರೊಳಗೆ ಆಗದಿದ್ದರೆ ಹಣ ವಾಪಸ್ ಎಂದು ವಕೀಲರು ಎರಡು ಕಡೆ ಬರೆಸಿದ್ದಾರೆ. ಎರಡೂ ಮೀಟರಿನ ಬಾಕಿ ಅವರೇ ಕಟ್ಟಬೇಕು. ಚಾಚಾ ಸಾಕ್ಷಿ ಹಾಕಿದರು.

ರಾತ್ರಿ ಊಟವಾದ ಮೇಲೆ ಇವರು ಮಗನ ಗ್ರಾಫ್ ಹಾಳೆ ತೆಗೆದುಕೊಂಡು ಸ್ಕೇಲು ಹಿಡಿದು ಕೂತಿದ್ದಾರೆ. ಇಣುಕಿ ನೋಡಿದೆ. ಹಿಂದಿನ ಹಾಲು ಇದ್ದ ಕಡೆ ದೊಡ್ಡದಾಗಿ ‘ಕಾರ್ ಪಾರ್ಕಿಂಗ್’ ಎಂದು ಬರೆದಿದ್ದಾರೆ. ನಮ್ಮ ಹತ್ತಿರ ಕಾರಿಲ್ಲ. ಇದ್ದರೂ ಆ ಗಲ್ಲಿಯೊಳಗೆ ಹೋಗುವುದಿಲ್ಲ.